ಸಹಾಯದ ಮಾತುಗಳಲ್ಲೇ ಮೋಡಲ್ ವರ್ಬ್ಸ್ ಕಲಿಸಿದ್ದು: ನನ್ನ ಅನುಭವ

ನಾನು ಉಡುಪಿ ಹತ್ರದ ಒಂದು ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್. ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ, ಹೀಗೆ ಒಬ್ಬೊಬ್ರಿಗೆ ಒಂದೊಂದು. ಗ್ರಾಮರ್ ಅಂದ್ರೆ ಅವರಿಗೆ ಹೆದರಿಕೆ ಇರುವುದು ಟೆನ್ಸ್ ವಿಷಯದಲ್ಲಿ, ಮೋಡಲ್ಸ್, ಅಂದ್ರೆ ಕ್ಯಾನ್, ಮೇ, ಮಸ್ಟ್ ತರದ ಸಹಾಯಕ ಕ್ರಿಯಾಪದಗಳು, ಸುಲಭ ಅಂತಲೇ ಲೆಕ್ಕ, ಯಾಕಂದ್ರೆ ಗೈಡಲ್ಲಿ ಒಂದು ಟೇಬಲ್ ಉಂಟು, ಕ್ಯಾನ್ ಅಂದ್ರೆ ಸಾಮರ್ಥ್ಯ, ಮೇ ಅಂದ್ರೆ ಅನುಮತಿ, ಮಸ್ಟ್ ಅಂದ್ರೆ ಕಡ್ಡಾಯ, ಬಾಯಿಪಾಠ ಮಾಡಿದ್ರೆ ಮುಗೀತು. ಆದ್ರೆ ಅದೇ ಮಕ್ಕಳಿಗೆ ಪಕ್ಕದ ಬೆಂಚಿನವನ ಹತ್ರ ಸ್ಕೇಲ್ ಕೇಳು ಇಂಗ್ಲಿಷಲ್ಲಿ ಅಂದ್ರೆ 'ಗಿವ್ ಸ್ಕೇಲ್' ಅಂತಾರೆ. ಟೇಬಲ್ ಗೊತ್ತುಂಟು, ಬಳಸ್ಲಿಕ್ಕೆ ಜಾಗ ಗೊತ್ತಿಲ್ಲ.

ನನಗೆ ಅನ್ನಿಸುವುದು ಎಂತ ಅಂದ್ರೆ ಮೋಡಲ್ ಅನ್ನುವುದು ಇಬ್ಬರ ನಡುವಿನ ವಿಷಯ. ಯಾರು ಕೇಳ್ತಾ ಇದ್ದಾರೆ, ಯಾರ ಹತ್ರ, ಕೇಳುವ ಕೆಲಸ ಸಣ್ಣದಾ ದೊಡ್ಡದಾ, ಎದುರಿನವರಿಗೆ ಆಗುದಿಲ್ಲ ಅಂತ ಹೇಳ್ಲಿಕ್ಕೆ ಜಾಗ ಉಂಟಾ, ಇದೆಲ್ಲ ಸೇರಿಯೇ ಕ್ಯಾನ್ ಬೇಕಾ ಕುಡ್ ಬೇಕಾ ಅಂತ ತೀರ್ಮಾನ ಆಗ್ತದೆ. ಇದೆಲ್ಲ ಒಟ್ಟಿಗೆ ಸಿಗುವ ಜಾಗ ಅಂದ್ರೆ ಸಹಾಯ ಕೇಳುವುದು ಮತ್ತೆ ಸಹಾಯ ಮಾಡುವುದು. ಹಾಗಾಗಿ ಒಂಬತ್ತನೇ ಕ್ಲಾಸಿಗೆ ಇಡೀ ಪಾಠವನ್ನು ಅದರ ಮೇಲೆಯೇ ಕಟ್ಟಿದೆ.

ಮೊದಲು ಮಕ್ಕಳಿಗೆ ಒಂದು ವಾರದ ಕೆಲಸ ಕೊಟ್ಟೆ. ನೀವು ಯಾರಿಗೆ ಸಹಾಯ ಮಾಡಿದ್ರಿ, ನಿಮಗೆ ಯಾರು ಮಾಡಿದ್ರು, ಆಗ ಬಾಯಲ್ಲಿ ಬಂದ ಮಾತು ಎಂತ, ಅದನ್ನು ತುಳುವಲ್ಲಾದ್ರೂ ಸರಿ ಕನ್ನಡದಲ್ಲಾದ್ರೂ ಸರಿ ಬರ್ಕೊಂಡು ಬನ್ನಿ ಅಂತ. ಸಿಟಿ ಬಸ್ಸಲ್ಲಿ ಅಜ್ಜಿಗೆ ಸೀಟ್ ಬಿಟ್ಟದ್ದು, ಬ್ಯಾಂಕಲ್ಲಿ ಯಾರೋ ಅಜ್ಜನಿಗೆ ಚಲನ್ ತುಂಬಿಸಿ ಕೊಟ್ಟದ್ದು, ಮಳೆಗೆ ಕೊಡೆ ಹಂಚಿಕೊಂಡದ್ದು. ಒಬ್ಬ ಹುಡುಗ ಮಾವನನ್ನು ನೋಡ್ಲಿಕ್ಕೆ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ಗೆ ಹೋದಾಗ ಅಲ್ಲಿ ಬೇರೆ ಜಿಲ್ಲೆಯಿಂದ ಬಂದವ್ರೊಬ್ಬರಿಗೆ ಎಕ್ಸ್‌ರೇ ಎಲ್ಲಿ ಅಂತ ತೋರಿಸಿ ಬಂದದ್ದನ್ನು ಬರ್ದಿದ್ದ.

ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಮಲ್ಪೆ ಕಡೆಯ ಒಬ್ಬಳು ಹುಡುಗಿಯದ್ದು. ಅವರ ಮನೆಗೆ ಮೀನು ಮಾರುವ ಅಕ್ಕ ಒಬ್ರು ಬರ್ತಾರೆ, ಬುಟ್ಟಿ ಇಳಿಸಿ ವ್ಯಾಪಾರ ಮಾಡಿ ಪುನಃ ಹೊರಡುವಾಗ ಆ ಭಾರವನ್ನು ಒಬ್ರೇ ತಲೆಗೆ ಏರಿಸ್ಲಿಕ್ಕೆ ಆಗುವುದಿಲ್ಲ, ಇನ್ನೊಬ್ರ ಕೈ ಬೇಕೇ ಬೇಕು. ಅದನ್ನೇ ಕ್ಲಾಸಲ್ಲಿ ಮಾಡಿಸಿದೆ. ಒಂದು ಪ್ಲಾಸ್ಟಿಕ್ ಬುಟ್ಟಿಗೆ ಪೂರ್ತಿ ನೋಟ್‌ಬುಕ್ ತುಂಬಿಸಿ, ಒಬ್ಬಳು ಮೀನಿನ ಅಕ್ಕ, ಒಬ್ಬಳು ಮನೆಯ ಹುಡುಗಿ. 'ಶಲ್ ಐ ಲಿಫ್ಟ್ ಇಟ್ ಫಾರ್ ಯು?' 'ಯೆಸ್, ಕುಡ್ ಯು ಹೋಲ್ಡ್ ದಟ್ ಸೈಡ್?' 'ಯು ಮಸ್ಟ್ ಹೋಲ್ಡ್ ಇಟ್ ಟೈಟ್, ದ ವಾಟರ್ ಮೈಟ್ ಸ್ಪಿಲ್.' 'ಕ್ಯಾನ್ ಯು ಮ್ಯಾನೇಜ್ ನೌ?' ಕೊನೆಗೆ ಮೀನಿನ ಅಕ್ಕ ಆದವಳು ತಾನಾಗಿಯೇ 'ಐ ವಿಲ್ ಗಿವ್ ಯು ಟೂ ಬಂಗುಡೆ ಎಕ್ಸ್‌ಟ್ರಾ' ಅಂತ ಸೇರಿಸಿದಳು, ಅದು ನಾನು ಬೋರ್ಡಲ್ಲಿ ಬರೆದದ್ದಲ್ಲ. ಒಂದು ಬುಟ್ಟಿ ಎತ್ತುವಷ್ಟರಲ್ಲಿ ಆರು ಮೋಡಲ್ ಬಂತು ನೋಡಿ, ಯಾವುದನ್ನೂ ಎಳೆದು ತಂದದ್ದಲ್ಲ.

ಆಮೇಲೆ ಶಬ್ದ ಬದಲಾಯಿಸುವ ಆಟ. ಮಸ್ಟ್ ಇದ್ದಲ್ಲಿ ಮೇ ಹಾಕಿ ಪುನಃ ಆಡಿ ಅಂದೆ. 'ಯು ಮೇ ಹೋಲ್ಡ್ ಇಟ್ ಟೈಟ್' ಅಂತ ಅವಳು ಹೇಳಿದ ಕೂಡ್ಲೇ ಹಿಂದಿನ ಬೆಂಚಿಂದ ಒಬ್ಬ 'ಹಾಗೆ ಹೇಳಿದ್ರೆ ಬುಟ್ಟಿ ಬೀಳ್ತದೆ ಟೀಚರ್, ಬೇಕಾದ್ರೆ ಹಿಡಿ ಅಂತ ಹೇಳಿದ ಹಾಗಾಯ್ತು' ಅಂದ. ನಾನು ಅರ್ಧ ಪೀರಿಯಡ್ ವಿವರಿಸಿದ್ರೂ ಅಷ್ಟು ಸ್ಪಷ್ಟ ಆಗ್ತಿರ್ಲಿಲ್ಲ. ಮೈಟ್ ಇದ್ದಲ್ಲಿ ವಿಲ್ ಹಾಕಿದಾಗಲೂ ಹಾಗೆ, ನೀರು ಚೆಲ್ಲಿಯೇ ಚೆಲ್ತದೆ ಅಂತ ಗೊತ್ತಿದ್ರೆ ಯಾರು ಕೈ ಕೊಡ್ತಾರೆ ಅಂತ ಅವರೇ ಕೇಳಿದ್ರು.

ಕುಡ್ ಮತ್ತೆ ವುಡ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಟೈಮ್ ಕೊಡ್ಬೇಕು. ಕುಡ್ ಅಂದ್ರೆ ಕ್ಯಾನ್‌ನ ಪಾಸ್ಟ್ ಅಂತ ಮೊದಲೇ ತಲೆಯಲ್ಲಿ ಕೂತಿರ್ತದೆ, ಹಾಗಾಗಿ 'ಕುಡ್ ಯು ಹೆಲ್ಪ್ ಮಿ' ಅಂದ್ರೆ ನಿನ್ನೆ ಸಹಾಯ ಮಾಡ್ಲಿಕ್ಕೆ ಆಯ್ತಾ ಅಂತ ಅರ್ಥ ಮಾಡ್ತಾರೆ. ನಾನು ಹೇಳುವುದು ಹೀಗೆ. ನಮ್ಮಲ್ಲಿ ಮರ್ಯಾದೆ ತೋರಿಸ್ಲಿಕ್ಕೆ ನೀನು ನೀವು ಉಂಟು, ಕೊಡು ಕೊಡಿ ಉಂಟು, ಮೇಲಿಂದ ಅಣ್ಣ ಅಕ್ಕ ಅಂತ ಸೇರಿಸ್ತೇವೆ. ಇಂಗ್ಲಿಷಲ್ಲಿ ಗೆಳೆಯನಿಗೂ ಯು, ಬ್ಯಾಂಕ್ ಮ್ಯಾನೇಜರಿಗೂ ಯು. ಹಾಗಾದ್ರೆ ಆ ಮರ್ಯಾದೆ ಹೊರುವುದು ಯಾರು? ಜಾಸ್ತಿ ಪಾಲು ಈ ಕುಡ್, ವುಡ್‌ಗಳೇ. ಇದು ಹೇಳಿದ ಮೇಲೆ ಒಂದೇ ಕೆಲಸವನ್ನು ಬೇರೆ ಬೇರೆಯವರ ಹತ್ರ ಕೇಳಿಸಿದೆ. ಗೆಳತಿ ಹತ್ರ ಪೆನ್ನು, ಗುರುತಿಲ್ಲದವರ ಹತ್ರ ಪೆನ್ನು, ಹೆಡ್‌ಮಾಸ್ಟ್ರ ಹತ್ರ ಪೆನ್ನು. ಆಮೇಲೆ ಪೆನ್ನಿನ ಬದಲು ಬೈಕಲ್ಲಿ ಆಸ್ಪತ್ರೆವರೆಗೆ ಬಿಡುವುದು. ಗೆಳೆಯನೇ ಆದ್ರೂ ಅಷ್ಟು ದೊಡ್ಡ ಕೆಲಸ ಕೇಳುವಾಗ ಮಕ್ಕಳು ತಾವಾಗಿ ಕ್ಯಾನ್ ಬಿಟ್ಟು 'ಕುಡ್ ಯು ಪ್ಲೀಸ್' ಅಂತ ಹೋದ್ರು.

ರೂಪದ ತಪ್ಪುಗಳು ಎಲ್ಲರಿಗೂ ಗೊತ್ತಿರುವವೇ, 'ಶಿ ಕ್ಯಾನ್ ಹೆಲ್ಪ್ಸ್', 'ಹಿ ಮಸ್ಟ್ ಟು ಗೋ'. ಮೋಡಲ್ ಆದ ಮೇಲೆ ಕ್ರಿಯಾಪದ ಹಾಗೇ ಬರ್ತದೆ, ಎಸ್ ಇಲ್ಲ, ಟು ಇಲ್ಲ, ಆಟ್ ಟು (ought to) ಒಂದು ಬಿಟ್ಟು. ಇದನ್ನು ನಿಯಮ ಮಾಡಿ ಬರೆಸುವುದಕ್ಕಿಂತ ಆಟದಲ್ಲಿ ಹತ್ತು ಸಲ ಬಾಯಲ್ಲಿ ಬರಿಸಿದ್ರೆ ಸರಿಯಾಗ್ತದೆ.

ಇನ್ನೊಂದು, ಸಹಾಯ ಮಾಡುವ ಮೊದಲು ಕೇಳ್ಬೇಕು ಅನ್ನುವುದು. ಕಣ್ಣಿಗೆ ಶಾಲು ಕಟ್ಟಿ ಒಬ್ಬಳನ್ನು ಬಾಗಿಲಿಂದ ಬೋರ್ಡಿನವರೆಗೆ ಕರ್ಕೊಂಡು ಬರ್ಲಿಕ್ಕೆ ಹೇಳಿದೆ, ಕರ್ಕೊಂಡು ಬರುವವ ಸೀದಾ ಹೋಗಿ ಅವಳ ಕೈ ಹಿಡಿದು ಎಳೆದ, ಅವಳು ಅಲ್ಲೇ ನಿಂತ್ಲು, ಕಾಲು ಮುಂದೆ ಇಡ್ಲೇ ಇಲ್ಲ. ಯಾಕೆ ಅಂತ ಕೇಳಿದ್ರೆ ಎಳೆದಾಗ ಬೀಳ್ತೇನೆ ಅಂತ ಆಯ್ತು ಅಂದ್ಲು. ಕಣ್ಣು ಕಾಣದವರಿಗೆ ದಾರಿ ತೋರಿಸುವ ಸರಿಯಾದ ಕ್ರಮ ಅಂದ್ರೆ ಮೊದಲು ಮಾತಾಡಿಸಿ ಕೇಳುವುದು, ಆಮೇಲೆ ಅವರೇ ನಮ್ಮ ಮೊಣಕೈ ಹಿಡ್ಕೊಳ್ಳುವುದು, ನಾವು ಅರ್ಧ ಹೆಜ್ಜೆ ಮುಂದೆ ನಡೆಯುವುದು. ಅದನ್ನು ತೋರಿಸಿ ಪುನಃ ಮಾಡಿಸಿದೆ. 'ಮೇ ಐ ಹೆಲ್ಪ್ ಯು?' 'ವುಡ್ ಯು ಲೈಕ್ ಟು ಹೋಲ್ಡ್ ಮೈ ಆರ್ಮ್?' ಬೇಡ ಅನ್ನುವುದೂ ಕಲಿಸ್ಬೇಕು, 'ನೋ ಥ್ಯಾಂಕ್ಯೂ, ಐ ಕ್ಯಾನ್ ಮ್ಯಾನೇಜ್'. ಅದು ಕೇಳಿದ ಮೇಲೆ ಬಿಟ್ಟುಬಿಡುವುದು ಸಹ ಪಾಠದ್ದೇ ಭಾಗ ಅಂತ ನಾನು ನಂಬ್ತೇನೆ.

ಮಸ್ಟ್ ನಾಟ್ ಮತ್ತೆ ಡೋಂಟ್ ಹ್ಯಾವ್ ಟು, ಇದು ದೊಡ್ಡ ತಲೆನೋವು. ಮಸ್ಟ್ ಅಂದ್ರೆ ಮಾಡ್ಲೇಬೇಕು ಅಂತ ಆದ್ರೆ ಮಸ್ಟ್ ನಾಟ್ ಅಂದ್ರೆ ಮಾಡ್ಬೇಕು ಅಂತಿಲ್ಲ ಅಂತ ಮಕ್ಕಳ ಲೆಕ್ಕ. ಇದಕ್ಕೆ ನಾನು ಹೈವೇ ಆಕ್ಸಿಡೆಂಟ್ ತಗೊಂಡೆ, ನಮ್ಮದು ನ್ಯಾಷನಲ್ ಹೈವೇ 66ರ ಬದಿಯ ಊರು, ಮಕ್ಕಳು ನೋಡಿರ್ತಾರೆ. ಬಿದ್ದವರನ್ನು ಕಂಡ್ರೆ ಎಂತ ಮಾಡ್ತೀರಿ ಅಂತ ಕೇಳಿದ್ರೆ ಸುಮಾರು ಮಕ್ಕಳು, ಹತ್ರ ಹೋಗ್ಬೇಡಿ ಪೊಲೀಸ್ ಕೇಸ್ ಆಗ್ತದೆ ಅಂತ ಮನೆಯಲ್ಲಿ ಹೇಳ್ತಾರೆ ಟೀಚರ್ ಅಂದ್ರು. ಆ ಮಾತು ಕೇಳಿ ನನಗೆ ಬೇಜಾರಾಯ್ತು, ಯಾಕಂದ್ರೆ ಕಾನೂನು ಈಗ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಮಾಡಿ 134ಎ ಅಂತ ಸೆಕ್ಷನ್ ಸೇರಿಸಿದ್ದಾರೆ, ಒಳ್ಳೇ ಮನಸ್ಸಿಂದ ಗಾಯಾಳುವಿಗೆ ಸಹಾಯ ಮಾಡಿದವರಿಗೆ ರಕ್ಷಣೆ ಕೊಡ್ಲಿಕ್ಕೇ ಅದು ಇರುವುದು. 2020ರ ನಿಯಮಗಳ ಪ್ರಕಾರ ಹೆಸರು, ವಿಳಾಸ ಹೇಳು ಅಂತ ಪೊಲೀಸ್ರು ಒತ್ತಾಯ ಮಾಡ್ಲಿಕ್ಕೆ ಇಲ್ಲ. ನಮ್ಮ ಕರ್ನಾಟಕದಲ್ಲಿ 2016ರದ್ದೇ ಬೇರೆ ಕಾಯ್ದೆಯೂ ಉಂಟು.

ಇದನ್ನೇ ಬೋರ್ಡ್ ಮೇಲೆ ಬರೆದೆ. 'ಯು ಡೋಂಟ್ ಹ್ಯಾವ್ ಟು ಗಿವ್ ಯುವರ್ ನೇಮ್.' ಕೆಳಗೆ 'ದ ಪೊಲೀಸ್ ಮಸ್ಟ್ ನಾಟ್ ಫೋರ್ಸ್ ಯು.' ಈಗ ಎರಡನ್ನು ಅದಲು ಬದಲು ಮಾಡಿ ಓದಿ ಅಂದೆ. 'ಯು ಮಸ್ಟ್ ನಾಟ್ ಗಿವ್ ಯುವರ್ ನೇಮ್' ಅಂತ ಓದಿ, ಅಯ್ಯೋ ಹೆಸರು ಹೇಳಿದ್ರೆ ತಪ್ಪಾ ಅಂತ ಒಬ್ಬಳು, ಅಲ್ಲಿಗೆ ವ್ಯತ್ಯಾಸ ಹೊಳೆಯಿತು, ಮಸ್ಟ್ ನಾಟ್ ಅಂದ್ರೆ ಮಾಡ್ಲೇಬಾರ್ದು, ಡೋಂಟ್ ಹ್ಯಾವ್ ಟು ಅಂದ್ರೆ ಮಾಡ್ಬೇಕು ಅಂತಿಲ್ಲ. ಅದಕ್ಕೇ ಸೇರಿಸಿ 'ಯು ಶುಡ್ ಕಾಲ್ 108', 'ಯು ಶುಡ್ ನಾಟ್ ಮೂವ್ ಹಿಮ್, ಹಿಸ್ ಬ್ಯಾಕ್ ಮೈಟ್ ಬಿ ಹರ್ಟ್' ಅಂತ ಅವರ ಬಾಯಿಂದಲೇ ಬರಿಸಿದೆ. ಮರುದಿನ ಸುಮಾರು ಮಕ್ಕಳು ಮನೆಯಲ್ಲಿ ಈ ಕಾನೂನು ಹೇಳಿದ್ದೇವೆ ಟೀಚರ್ ಅಂದ್ರು. ಗ್ರಾಮರ್ ಪೀರಿಯಡ್‌ನ ವಿಷಯ ಮನೆಗೆ ಹೋಗುವುದು ಅಪರೂಪ, ನನಗೆ ತುಂಬಾ ಖುಷಿ ಆಯ್ತು.

ಪರೀಕ್ಷೆ ಬಗ್ಗೆ ಹೆದರುವವರಿಗೆ ಒಂದು ಮಾತು, ಎಸ್ಸೆಸ್ಸೆಲ್ಸಿಯಲ್ಲಿ ಲ್ಯಾಂಗ್ವೇಜ್ ಫಂಕ್ಷನ್ ಅಂತ ಕೇಳ್ತಾರಲ್ಲ, ರಿಕ್ವೆಸ್ಟಾ, ಆಫರ್ ಆಫ್ ಹೆಲ್ಪಾ, ಪರ್ಮಿಷನ್ನಾ ಅಂತ, ಅದು ಇದೇ ಪಾಠ. ಬುಟ್ಟಿ ಎತ್ತಿದ ಮಕ್ಕಳಿಗೆ ಅದಕ್ಕೆ ಬೇರೆ ತಯಾರಿ ಬೇಕಾಗಿಲ್ಲ. ಮಾರ್ಕ್ ಕೊಡುವಾಗ ನಾನು ಬರಹದ್ದು ಅರ್ಧ, ಜೋಡಿಯಾಗಿ ಆಡಿ ತೋರಿಸಿದ್ದಕ್ಕೆ ಅರ್ಧ ಇಡ್ತೇನೆ. ಆಟದಲ್ಲಿ ಎಲ್ಲ ಮೋಡಲ್ಸ್ ಒಟ್ಟಿಗೆ ಬಂದ್ರೂ ಗಟ್ಟಿ ಮಾಡಿಸುವುದು ಒಂದೇ ಸಲ ಅಲ್ಲ, ಕ್ಯಾನ್, ಕುಡ್, ಶಲ್ ಗಟ್ಟಿಯಾದ ಮೇಲೆ ಮಸ್ಟ್, ಶುಡ್, ಆಮೇಲೆ ಮೇ, ಮೈಟ್.

ಹತ್ತನೇ ಕ್ಲಾಸಿಗೆ ಈಗ ಕುಡ್ ಹ್ಯಾವ್, ಶುಡ್ ಹ್ಯಾವ್ ಶುರು ಮಾಡಿದ್ದೇನೆ. ಅದಕ್ಕೆ 2020ರ ಸೆಪ್ಟೆಂಬರಲ್ಲಿ ಉಡುಪಿಗೆ ಬಂದ ನೆರೆ ತಗೊಂಡಿದ್ದೇನೆ, ಆಗ ಇವರೆಲ್ಲ ಸಣ್ಣವರು, ಹಾಗಾಗಿ ಮನೆಯ ದೊಡ್ಡವರ ಹತ್ರ ಕೇಳಿ ಬರ್ಲಿಕ್ಕೆ ಹೇಳಿದ್ದೇನೆ, ಯಾರು ಯಾರಿಗೆ ಸಹಾಯ ಮಾಡಿದ್ರು, ಇನ್ನೆಂತ ಮಾಡ್ಬಹುದಿತ್ತು ಅಂತ. ಬರ್ಕೊಂಡು ಬಂದದ್ದನ್ನು ಈ ವಾರ ವಾಕ್ಯ ಮಾಡಿಸ್ಲಿಕ್ಕುಂಟು.