ರೀಸೆಟ್ ಆದ ಪೆಟ್ಟಿಗೆ: ವೃತ್ತಿ ಜಾದೂಗಾರನ ದಿನನಿತ್ಯದ ಕೆಲಸ

ಹೊಸ ಐಟಂ ಒಂದನ್ನು ಶೋಗೆ ಸೇರಿಸುವ ಮುನ್ನ ನಾನು ಮೊದಲು ನೋಡುವುದು, ಒಮ್ಮೆ ಆಡಿದ ಮೇಲೆ ಅದನ್ನು ಮತ್ತೆ ಸಜ್ಜು ಮಾಡಲು ಎಷ್ಟು ಹೊತ್ತು ಬೇಕು ಎಂಬುದನ್ನು. ನಮ್ಮ ಮಾತಿನಲ್ಲಿ ಇದು ರೀಸೆಟ್. ಐಟಂ ಎಷ್ಟೇ ಚೆಂದವಿರಲಿ, ರೀಸೆಟ್‌ಗೆ ಇಪ್ಪತ್ತು ನಿಮಿಷವೂ ಬಾಗಿಲು ಹಾಕಿದ ಕೋಣೆಯೂ ಬೇಕು ಎಂದರೆ ಅದು ವೃತ್ತಿಗೆ ಒದಗುವುದಿಲ್ಲ. ಒಂದು ಗಂಟೆ ಬಿಡುವಿನಲ್ಲಿ ಎರಡು ಶೋ ಇದ್ದಾಗ ಬೆವರು ಒರೆಸಿಕೊಂಡು, ಅಂಗಿ ಬದಲಿಸಿ, ಆಯೋಜಕರ ಜೊತೆ ಮಾತಾಡಿ ಮುಗಿಸುವಷ್ಟರಲ್ಲಿ ಕೈಗೆ ಉಳಿಯುವುದು ಅರ್ಧ ಗಂಟೆ. 45 ನಿಮಿಷದ ರಂಗದ ಶೋನಲ್ಲಿ ಒಂಬತ್ತೋ ಹತ್ತೋ ಐಟಂ ಇರುತ್ತವೆ. ಒಂದೊಂದಕ್ಕೆ ಸಿಗುವುದು ಮೂರೇ ನಿಮಿಷ.

ಮೇಜಿನಿಂದ ಮೇಜಿಗೆ ಹೋಗಿ ತೋರಿಸುವ ಕ್ಲೋಸ್‌ಅಪ್‌ನಲ್ಲಿ ಅದೂ ಇಲ್ಲ. ಎರಡು ಮೇಜಿನ ನಡುವೆ ಇರುವುದು ಹತ್ತು ಹೆಜ್ಜೆ. ಆ ನಡಿಗೆಯಲ್ಲೇ ಎಲ್ಲವೂ ಮೊದಲಿನ ಸ್ಥಿತಿಗೆ ಬರಬೇಕು. ಹಾಗಾಗಿ ಮೂರೇ ಐಟಂ ಒಯ್ಯುತ್ತೇನೆ: ಇಸ್ಪೀಟಿನದು ಒಂದು, ನಾಣ್ಯದ್ದು ಒಂದು, ಪ್ರೇಕ್ಷಕರಿಂದಲೇ ಪಡೆದ ಉಂಗುರದ್ದು ಒಂದು. ಮೇಜಿಗೆ ಆರು ನಿಮಿಷ, ಓಡಾಟಕ್ಕೆ ಒಂದೂವರೆ ನಿಮಿಷ ಎಂದರೆ ಹತ್ತು ಮೇಜಿಗೆ 75 ನಿಮಿಷ. ಆಯೋಜಕರಿಗೆ ಹೇಳುವುದು 90 ನಿಮಿಷ, ಏಕೆಂದರೆ ಊಟ ಬಡಿಸುವಾಗ ನಿಲ್ಲಿಸಲೇಬೇಕಾಗುತ್ತದೆ. ಪ್ರತಿ ವಸ್ತುವಿಗೂ ಒಂದು ಜೇಬು ಗೊತ್ತು ಮಾಡಿಕೊಂಡು ಅದನ್ನು ಎಂದೂ ಬದಲಿಸಬಾರದು. ಕೈ ನೋಡದೆಯೇ ಅಲ್ಲಿಗೆ ಹೋಗಬೇಕು. ನಾಣ್ಯದ ಜೇಬಿನಲ್ಲಿ ಬೀಗದ ಕೈ, ಫೋನು ಏನೂ ಇರಕೂಡದು. ಇಲ್ಲದಿರಬೇಕಾದ ನಾಣ್ಯ ಸದ್ದು ಮಾಡಿತೋ, ಮುಂದಿನ ಮಾತಿಗೆ ಬೆಲೆ ಇಲ್ಲ.

ಇಸ್ಪೀಟಿನ ವಿಷಯದಲ್ಲಿ ಜಿಪುಣತನ ಮಾಡಬಾರದು. ನಾನು ಬಳಸುವುದು 63 ಮಿ.ಮೀ. ಅಗಲ, 88 ಮಿ.ಮೀ. ಉದ್ದದ ಪೋಕರ್ ಅಳತೆಯ ಎಲೆ. 57 ಮಿ.ಮೀ. ಅಗಲದ ಬ್ರಿಡ್ಜ್ ಎಲೆ ಚಿಕ್ಕ ಕೈಗೆ ಹಿತವೆನಿಸಿದರೂ ಅಂಗೈಯಲ್ಲಿ ಮರೆ ಮಾಡಲು ಆಗದು ಎಂಬ ಭಾವನೆಯನ್ನು ನೋಡುವವರಲ್ಲಿ ಹುಟ್ಟಿಸುವುದು ಅಗಲದ ಎಲೆಯೇ. ಎಲೆಗೆ ದೊಡ್ಡ ಶತ್ರು ತೇವ. ಬೆವರು ಹತ್ತಿದ ಎಲೆಗಳು ಒಂದಕ್ಕೊಂದು ಅಂಟುತ್ತವೆ, ಬೀಸಣಿಗೆಯಂತೆ ಹರಡಲು ಹೋದರೆ ಮೂರು ನಾಲ್ಕು ಒಟ್ಟಿಗೇ ಬರುತ್ತವೆ, ಕಟ್ಟು ಉಬ್ಬುತ್ತದೆ. ಆದ್ದರಿಂದ ಸೆಕೆಯ ಸಭಾಂಗಣದಲ್ಲಿ ಮೂರು ನಾಲ್ಕು ಮೇಜಿಗೊಮ್ಮೆ ಕಟ್ಟು ಬದಲಿಸುತ್ತೇನೆ. ಕೈ ತೀರಾ ಒಣಗಿದ್ದರೂ ಕಷ್ಟವೇ, ಎಲೆ ಜಾರುತ್ತದೆ. ಅದಕ್ಕೆ ಶೋಗೆ ಅರ್ಧ ಗಂಟೆ ಮೊದಲು ಗ್ಲಿಸರಿನ್ ಇರುವ ಲೋಷನ್ನನ್ನು ತುಸುವೇ ಸವರಿಕೊಂಡು, ಪೂರ್ತಿ ಹೀರಿದ ಮೇಲೆಯೇ ಕಟ್ಟು ಮುಟ್ಟುವುದು.

ಪ್ರೇಕ್ಷಕರಿಂದ ಸಹಿ ಮಾಡಿಸುವ ಐಟಂ ಇದ್ದರೆ ಮೇಜಿಗೊಂದು ಎಲೆ ಹೋಗುತ್ತದೆ. ಅದನ್ನು ನೆನಪಿಗೆಂದು ಅವರಿಗೇ ಕೊಡುತ್ತೇನೆ. ಹೀಗಾಗಿ ಒಂದೇ ಬ್ಯಾಚಿನ ಕಟ್ಟುಗಳನ್ನು ಡಜನ್‌ಗಟ್ಟಲೆ ಒಟ್ಟಿಗೇ ಕೊಳ್ಳಬೇಕು. ಬ್ಯಾಚು ಬದಲಾದರೆ ಹಿಂಬದಿಯ ಕೆಂಪಿನ ಛಾಯೆಯೂ ಕೊಂಚ ಬದಲಾಗಬಹುದು. ಬೇರೆ ಕಟ್ಟಿನ ಎಲೆ ಸೇರಿದ್ದು ಚುರುಕು ಕಣ್ಣಿನ ಮಗುವಿಗೆ ಥಟ್ಟನೆ ಗೊತ್ತಾಗುತ್ತದೆ. ಸಹಿಗೆ ತೆಳು ಮೊನೆಯ ಪರ್ಮನೆಂಟ್ ಮಾರ್ಕರ್ ಬೇಕು. ಶಾಯಿ ಒಣಗುವವರೆಗೆ, ಅಂದರೆ ಹತ್ತು ಸೆಕೆಂಡಾದರೂ, ಎಲೆ ಅವರ ಕೈಯಲ್ಲೇ ಇರಲಿ. ‘ಸ್ವಲ್ಪ ಊದಿ’ ಎಂದರೆ ಆ ಹೊತ್ತು ನಗುವಿನಲ್ಲಿ ಕಳೆಯುತ್ತದೆ. ಹಸಿ ಶಾಯಿಯೊಂದಿಗೆ ಕಟ್ಟಿಗೆ ಸೇರಿಸಿದರೆ ಪಕ್ಕದ ಎಲೆಯ ಮೇಲೂ ಸಹಿ ಅಚ್ಚೊತ್ತುತ್ತದೆ.

ಎಲೆಗಳನ್ನು ಒಂದು ಬಿಟ್ಟು ಒಂದರಂತೆ ಹೆಣೆಯುವ ಫಾರೋ ಕಲೆಸುವಿಕೆಗೆ ಹೊಸ ಕಟ್ಟೇ ಆಗಬೇಕು. 52 ಎಲೆಗಳನ್ನು ಸರಿಯಾಗಿ ಎರಡು ಪಾಲು ಮಾಡಿ, ಮೇಲಿನ ಎಲೆ ಮೇಲೆಯೇ ಉಳಿಯುವಂತೆ ಎಂಟು ಸಲ ತಪ್ಪಿಲ್ಲದೆ ಹೆಣೆದರೆ ಮೂಲ ಕ್ರಮ ಮರಳುತ್ತದೆ. ಅಂಚು ಸವೆದ ಕಟ್ಟಿನಲ್ಲಿ ಇದು ಎರಡನೇ ಸಲಕ್ಕೇ ಮುಗ್ಗರಿಸುತ್ತದೆ. ಕಾರ್ಖಾನೆಯಲ್ಲಿ ಎಲೆ ಯಾವ ಕಡೆಯಿಂದ ಕತ್ತರಿಸಿದ್ದಾರೆ ಎಂಬುದರ ಮೇಲೆ, ಕೆಲವು ಕಟ್ಟು ಮೇಲಿನಿಂದ, ಕೆಲವು ಕೆಳಗಿನಿಂದ ಸಲೀಸಾಗಿ ಹೆಣೆದುಕೊಳ್ಳುತ್ತವೆ. ಕಟ್ಟು ಬಿಚ್ಚಿದ ಕೂಡಲೇ ಇದನ್ನು ಪರೀಕ್ಷಿಸಿ ಪೆಟ್ಟಿಗೆಯ ಮೇಲೆ ಗುರುತು ಹಾಕಿಡುತ್ತೇನೆ.

ಉಳಿದ ಸಲಕರಣೆಗಳ ಪಾಡು ಬೇರೆ. ಹಗ್ಗದ ಐಟಂಗೆ 8ರಿಂದ 10 ಮಿ.ಮೀ. ದಪ್ಪದ ಮೆತ್ತನೆಯ ಹತ್ತಿ ಹಗ್ಗ, ತುದಿ ಬಿಚ್ಚಿಕೊಳ್ಳದಂತೆ ಬಿಳಿ ಗೋಂದು, ಹಗ್ಗಕ್ಕೇ ಮೀಸಲಾದ ಕತ್ತರಿ. ಕಾಗದ ಕತ್ತರಿಸಿ ಮೊಂಡಾದ ಕತ್ತರಿ ಹಗ್ಗವನ್ನು ಅಗಿಯುತ್ತದೆ, ತುದಿ ಜೂಲು ಜೂಲಾಗುತ್ತದೆ. 45 ಸೆಂ.ಮೀ. ಚೌಕದ ರೇಷ್ಮೆ ಕರವಸ್ತ್ರಗಳನ್ನು ವಾರಗಟ್ಟಲೆ ಮಡಿಸಿ ತುರುಕಿಟ್ಟರೆ ಗೆರೆ ಬಿದ್ದು, ಬಿಟ್ಟಾಗ ಅರಳುವುದಿಲ್ಲ. ಶೋ ದಿನವೇ ಹದ ಬಿಸಿಯ ಇಸ್ತ್ರಿ ಹಾಕಿ ಮಡಿಸಬೇಕು. ನಿಸ್ತಂತು ಮೈಕಿಗೆ ಪ್ರತಿ ಶೋಗೂ ಹೊಸ ಬ್ಯಾಟರಿ. ಸಂಗೀತ ನುಡಿಸುವ ಫೋನು ಏರೋಪ್ಲೇನ್ ಮೋಡ್‌ನಲ್ಲಿ.

ಯಂತ್ರವಿರುವ ಸಲಕರಣೆಯನ್ನು ಅದಕ್ಕೆ ವಿಧಿಸಿದ ಕ್ರಮದಲ್ಲೇ ಬಿಚ್ಚಿ ಜೋಡಿಸಬೇಕು, ಅಡ್ಡದಾರಿ ಕೂಡದು. ಚುಂಗ್ ಲಿಂಗ್ ಸೂ ಎಂಬ ಹೆಸರಿನಲ್ಲಿ ಆಡುತ್ತಿದ್ದ ಅಮೆರಿಕದ ವಿಲಿಯಂ ರಾಬಿನ್ಸನ್ 1918ರ ಮಾರ್ಚ್ 23ರಂದು ಲಂಡನ್ನಿನ ರಂಗಮಂಚದಲ್ಲಿ ಗುಂಡು ಹಿಡಿಯುವ ಐಟಂ ಮಾಡುವಾಗ ನಿಜವಾಗಿಯೇ ಗುಂಡು ತಗುಲಿ, ಮರುದಿನ ತೀರಿಕೊಂಡರು. ಅವರು ಪ್ರತಿ ಶೋ ನಂತರ ಬಂದೂಕನ್ನು ಹಾರಿಸಿ ಖಾಲಿ ಮಾಡುವ ಬದಲು ಹಿಂಬದಿ ಬಿಚ್ಚಿ ಗುಂಡು, ಮದ್ದು ತೆಗೆಯುತ್ತಿದ್ದರು. ಹೀಗೆ ಬಿಚ್ಚಿ ಬಿಚ್ಚಿ ತಿರುಪು ಸವೆದು, ಸಂದಿಯಲ್ಲಿ ಮದ್ದಿನ ಪುಡಿ ಸೇರಿ, ಹೊತ್ತಿಕೊಳ್ಳಬಾರದ ನಳಿಗೆ ಹೊತ್ತಿಕೊಂಡಿತ್ತು. ಬೆಂಕಿ, ಬ್ಲೇಡು, ಬೀಗ ಇರುವ ಯಾವುದೇ ಐಟಂ ಕೈಗೆತ್ತಿಕೊಳ್ಳುವವರು ಇದನ್ನು ತಿಳಿದಿರಬೇಕು.

ಸಭಾಂಗಣಕ್ಕೆ ಒಂದೂವರೆ ಗಂಟೆ ಮೊದಲೇ ಹೋಗುತ್ತೇನೆ. ಮೊದಲ ಸಾಲಿನ ಎರಡೂ ತುದಿಯ ಕುರ್ಚಿಯಲ್ಲಿ, ಬಾಲ್ಕನಿ ಇದ್ದರೆ ಅಲ್ಲಿಯೂ ಕೂತು ಮೇಜನ್ನು ನೋಡುತ್ತೇನೆ. ಬದಿಯಿಂದ ಮೇಜಿನ ಹಿಂಭಾಗ ಕಂಡರೆ ಮೇಜನ್ನು ಹಿಂದಕ್ಕೆ ಸರಿಸಬೇಕು, ಇಲ್ಲವೇ ತುದಿಯ ಕುರ್ಚಿಗಳನ್ನು ತೆಗೆಸಬೇಕು. ಎರಡೂ ಆಗದಿದ್ದರೆ ಆ ಐಟಂ ಅಂದು ಬೇಡ. ಹಿಂದೆ ಗಾಜಿನ ಕಿಟಕಿ ಇದ್ದರೆ ಹಗಲು ಪರವಾಗಿಲ್ಲ. ಕತ್ತಲಾದ ಮೇಲೆ ಅದು ಕನ್ನಡಿಯಾಗಿ ಬೆನ್ನ ಹಿಂದಿನದ್ದೆಲ್ಲ ಕಾಣಿಸುತ್ತದೆ. ಹಿಂದಿನಿಂದ ಬೀಳುವ ದೀಪ ರೇಷ್ಮೆಯೊಳಗಿನ ನೆರಳನ್ನು ತೋರಿಸುತ್ತದೆ. ಫ್ಯಾನಿನ ಗಾಳಿ ಎಲ್ಲಿಗೆ ಬಡಿಯುತ್ತದೆ ಎಂಬುದನ್ನು ತುಂಡು ಕರವಸ್ತ್ರ ಹಿಡಿದು ನೋಡುವುದು ಒಳ್ಳೆಯದು.

ವೇದಿಕೆಗೆ ಕರೆಯುವಾಗ, ಎದ್ದು ನಿಂತು ಕೈ ಬೀಸುವವರಿಗಿಂತ ಪಕ್ಕದವರ ಜೊತೆ ನಗುತ್ತಾ ಕೂತಿರುವವರು ವಾಸಿ. ಹೇಳಿಕೆ ಒಂದು ಸಲಕ್ಕೆ ಒಂದೇ. ‘ಎಲೆ ತಗೊಳ್ಳಿ’ ಎಂದು ನಿಲ್ಲಿಸಿ, ಅವರು ತೆಗೆದ ಮೇಲೆ ‘ಈಗ ಪಕ್ಕದವರಿಗೂ ತೋರಿಸಿ’ ಎನ್ನುತ್ತೇನೆ. ಗಾಬರಿಯಲ್ಲಿ ಎಲೆ ಮರೆತುಬಿಡುವವರು ಬಹಳ. ಆಟೀನ್ ರಾಣಿ ಕೈಗೆ ಬಂದಾಗ ‘ಇದಲ್ಲವೇನೋ’ ಎಂದುಬಿಟ್ಟರೆ ಐಟಂ ಅಲ್ಲಿಗೇ ಸತ್ತಂತೆ. ಇನ್ನೊಬ್ಬ ಸಾಕ್ಷಿ ಇದ್ದರೆ ಉಳಿಯುತ್ತದೆ. ಕೈಯೋ ಭುಜವೋ ಮುಟ್ಟಬೇಕಾದರೆ ಮೊದಲು ಕೇಳಬೇಕು.

ಅಭ್ಯಾಸಕ್ಕೆ ಕನ್ನಡಿಗಿಂತ ಕ್ಯಾಮೆರಾ ನಂಬಬಹುದು. ಕಷ್ಟದ ಕೈಚಳಕದ ಕ್ಷಣದಲ್ಲಿ ನಮಗೆ ಅರಿವಿಲ್ಲದೆಯೇ ಕಣ್ಣು ಮಿಟುಕುತ್ತದೆ. ಹಾಗಾಗಿ ಕನ್ನಡಿಯಲ್ಲಿ ತಪ್ಪು ಕಾಣುವುದೇ ಇಲ್ಲ. ಕ್ಯಾಮೆರಾವನ್ನು ಕೂತವರ ಕಣ್ಣಿನ ಎತ್ತರಕ್ಕೆ ಇಟ್ಟು, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಚಿತ್ರೀಕರಿಸಿ, ಮೊದಲ ಸಲ ಸದ್ದಿಲ್ಲದೆ ನೋಡುತ್ತೇನೆ. ಮಾತಿಲ್ಲದಾಗ ಬಿಗಿಯಾದ ಭುಜ, ತಡವರಿಸುವ ಬೆರಳು ಎದ್ದು ಕಾಣುತ್ತವೆ.

ಶೋ ಮುಗಿದ ರಾತ್ರಿ ಪೆಟ್ಟಿಗೆ ಗಾಡಿಗೆ ಏರುವುದು ರೀಸೆಟ್ ಆದ ಮೇಲೆಯೇ. ಬೆಳಿಗ್ಗೆ ಮಾಡಿದರಾಯಿತು ಎಂದು ಬಿಟ್ಟರೆ ಯಾವುದು ಸಜ್ಜಾಗಿದೆ, ಯಾವುದು ಇಲ್ಲ ಎಂಬುದು ಮುಚ್ಚಿದ ಪೆಟ್ಟಿಗೆಯಿಂದ ಗೊತ್ತಾಗುವುದಿಲ್ಲ. ಮುಚ್ಚಳದ ಒಳಬದಿಗೆ ಐಟಂಗಳ ಪಟ್ಟಿ ಅಂಟಿಸಿದ್ದೇನೆ, ಒಂದೊಂದಕ್ಕೂ ಟಿಕ್ ಹಾಕಿಯೇ ಮುಚ್ಚುವುದು. ದುರಸ್ತಿಗೆ ಇರುವುದಕ್ಕೆ ಕೆಂಪು ದಾರ ಕಟ್ಟಿ ಬೇರೆ ಚೀಲಕ್ಕೆ ಹಾಕುತ್ತೇನೆ. ಕೊನೆಗೆ ಪುಸ್ತಕದಲ್ಲಿ ದಿನಾಂಕ, ಆಯೋಜಕರು, ಆಡಿದ ಐಟಂಗಳ ಕ್ರಮ, ವೇದಿಕೆಗೆ ಬಂದವರ ಹೆಸರು ಬರೆಯುತ್ತೇನೆ. ಅದೇ ಆಯೋಜಕರು ಮುಂದಿನ ವರ್ಷ ಕರೆದಾಗ ಆ ಪುಟ ತೆಗೆದು ಅರ್ಧಕ್ಕಿಂತ ಹೆಚ್ಚು ಐಟಂ ಬದಲಿಸುತ್ತೇನೆ.