ತಲೆ ಲೆಕ್ಕದ ರೇಟ್ ತೆಗೆದ್ಮೇಲೆ ಸರಿಹೋಯ್ತು

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಒಬ್ಬ ಯೂಸರ್‌ಗೆ ಇಷ್ಟು ಅಂತ ರೇಟ್ ಇಟ್ಟಿದ್ವಿ, ಬಳಕೆ ಏರ್ತಾನೇ ಇದೆ ಆದ್ರೆ ದುಡ್ಡು ಮಾತ್ರ ನಿಂತಲ್ಲೇ ನಿಂತಿದೆ, ಯಾಕಪ್ಪಾ ಅಂತ ಲಾಗ್ (ಬಳಕೆಯ ದಾಖಲೆ) ತೆಗೆದು ನೋಡಿದ್ರೆ ಒಂದೇ ಲಾಗಿನ್‌ನಲ್ಲಿ 6 ಕಂಪ್ಯೂಟರ್! ಪಾಸ್‌ವರ್ಡ್ ಹಂಚ್ಕೊಂಡಿದ್ರು. ಬ್ಲಾಕ್ ಮಾಡೋಣ ಅಂದ್ರು ಟೀಮಲ್ಲಿ, ನಂಗೆ ಸರಿ ಅನ್ನಿಸ್ಲಿಲ್ಲ, ತಪ್ಪು ನಮ್ಮ ಲೆಕ್ಕದ್ದೇ. ಎಷ್ಟು ಜನ ಅನ್ನೋದ್ರ ಬದ್ಲು ತಿಂಗಳಿಗೆ ಎಷ್ಟು ಇನ್‌ವಾಯ್ಸ್ ಅಂತ ಸ್ಲ್ಯಾಬ್ ಮಾಡಿ, ಯೂಸರ್ ಎಷ್ಟು ಬೇಕಾದ್ರೂ ಸೇರಿಸ್ಕೊಳ್ಳಿ ಅಂದ್ವಿ. ಹಳೇ ಗ್ರಾಹಕರಿಗೆ 12 ತಿಂಗಳು ಹಳೇ ರೇಟೇ ಬಿಟ್ವಿ, ಇಲ್ದಿದ್ರೆ ಜಗಳಕ್ಕೇ ಬರ್ತಿದ್ರು. ಸ್ಲ್ಯಾಬ್ ದಾಟಿದ್ದು ಬಿಲ್ ಬಂದ್ಮೇಲೆ ಗೊತ್ತಾಗ್ಬಾರ್ದು ಅಂತ 80% ಆದಾಗ್ಲೇ ಮೇಲ್ ಹೋಗೋ ಹಾಗೆ ಮಾಡಿದ್ವಿ (ಮೊದಲ ತಿಂಗಳು ಇದನ್ನೇ ಮರ್ತು ಚೆನ್ನಾಗಿ ಬೈಸ್ಕೊಂಡ್ವಿ). ಈಗ "ನಾನು ಕೆಲ್ಸ ಮಾಡ್ತಿರುವಾಗ್ಲೇ ಲಾಗೌಟ್ ಆಗುತ್ತೆ" ಅಂತ ಲಾಗಿನ್ ಹಂಚ್ಕೊಂಡೋರಿಂದ ಬರ್ತಿದ್ದ ಟಿಕೆಟ್ (ದೂರು) ಕೂಡ ನಿಂತಿದೆ.