ಮಾಟಗಾತಿ ಕ್ಯಾಲೆಂಡರಲ್ಲಿ ತೋಟದ ಲೆಕ್ಕ: ನನ್ನ ಅನುಭವ

ಡೈರಿ ಬರೆಯೋದ್ರಲ್ಲಿ ನಾನು ಹತ್ತು ವರ್ಷದಿಂದ ಫೇಲು. ಜನವರಿ ಒಂದಕ್ಕೆ ಶುರು ಮಾಡ್ತೀನಿ, ರೊಬಸ್ಟಾ ಕಾಫಿ ಕೊಯ್ಲು ಜೋರಾಯ್ತು ಅಂದ್ರೆ ಡೈರಿ ಎಲ್ಲಿಟ್ಟೆ ಅನ್ನೋದೇ ಮರ್ತುಹೋಗತ್ತೆ, ಮಾರ್ಚಲ್ಲಿ ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಯಾವತ್ತು ಬಂತು ಅಂತ ತೋಟದ ಲೆಕ್ಕ ನೋಡೋ ರೈಟರ್ ಕೇಳಿದ್ರೆ ನಾವಿಬ್ರೂ ಮುಖ ಮುಖ ನೋಡ್ಕೊಳ್ಳೋದು. 2025ರಲ್ಲಿ ಮಾತ್ರ ವರ್ಷಪೂರ್ತಿ ಮಳೆ, ಕೆಲಸ, ಚಂದ್ರ ಮೂರೂ ಒಂದು ದಿನ ಬಿಡದೆ ಬರ್ದಿದೀನಿ, ಅದೂ ವಿಕ್ಕನ್ ಕ್ಯಾಲೆಂಡರಲ್ಲಿ. ಆವಾಗ ನಕ್ಕೋರೇ ಈಗ ಎಲ್ಲಿ ಸಿಗತ್ತೆ ಅಂತ ಫೋನ್ ಮಾಡ್ತಿದಾರೆ, ಅದಕ್ಕೇ ಬರೀತಿರೋದು.

ಮೊದಲನೇದು ನಮ್ಮ ಹೋಂಸ್ಟೇಗೆ ಬಂದಿದ್ದ ಅಮೆರಿಕದ ಹುಡುಗಿ ಕೊಟ್ಟಿದ್ದು, 2024ರದ್ದು. ಅತ್ತೆ ನೋಡಿದ್ದೇ "ಏನಮ್ಮ ಇದು, ಮಾಟ ಮಾಡೋರ ಪಟ ಮನೆ ಒಳಗೆ ತಂದಿದೀಯಲ್ಲ" ಅಂದ್ರು. ಮಾಟ ಅಲ್ಲ ಅತ್ತೆ, 1950ರ ದಶಕದಲ್ಲಿ ಇಂಗ್ಲೆಂಡಲ್ಲಿ ಜೆರಾಲ್ಡ್ ಗಾರ್ಡ್ನರ್ ಅನ್ನೋರು ಬೆಳಕಿಗೆ ತಂದ ವಿಕ್ಕಾ ಅನ್ನೋ ಧರ್ಮ, ಸೂರ್ಯನ್ನ ನೋಡಿ ವರ್ಷಕ್ಕೆ ಎಂಟು ಹಬ್ಬ, ಚಂದ್ರನ್ನ ನೋಡಿ ಪೂಜೆ ಮಾಡ್ತಾರೆ ಅಂತ ಹೇಳಿದೆ. ಒಪ್ಲಿಲ್ಲ. ಮೇ ತಿಂಗಳ ಪುಟದಲ್ಲಿ ಕೊಂಬಿರೋ ದೇವರ ಚಿತ್ರ ಬಂದಾಗಂತೂ ತಿಂಗಳು ಪೂರ್ತಿ ಅದರ ಮೇಲೆ ಪೇಪರ್ ಅಂಟಿಸಿಬಿಟ್ರು, ಲೈನ್ ಮನೇಲಿರೋ ಆಳು ಹೆಂಗಸ್ರು ಆ ಪೇಪರ್ ಎತ್ತಿ ಎತ್ತಿ ನೋಡಿ "ಇದ್ಯಾವ ದೇವ್ರಕ್ಕ" ಅಂತ ಕೇಳೋರು.

ಆ ವರ್ಷ ಅದನ್ನ ಕೊಂದಿದ್ದು ಅತ್ತೆ ಅಲ್ಲ, ಮಳೆ. ಹಾಲ್‌ನ ಪಡುವಣ ಗೋಡೆಗೆ ನೇತುಹಾಕಿದ್ದೆ, ಜುಲೈ ಮಧ್ಯಕ್ಕೆ ಗೋಡೆ ಬೆವತು ಹಿಂದ್ಗಡೆ ಪೂರ್ತಿ ಬೂಷ್ಟು, ಎರಡು ಪುಟ ಒಂದಕ್ಕೊಂದು ಅಂಟ್ಕೊಂಡು ಬಿಡಿಸೋಕೆ ಹೋದ್ರೆ ಆಗಸ್ಟ್ ಹರಿದು ಜುಲೈ ಬೆನ್ನಿಗೆ ಬಂತು. ಉಳಿದ ಪುಟಗಳ್ನ ಮಡಿಕೇರೀಲಿ ಲ್ಯಾಮಿನೇಷನ್ ಮಾಡಿಸ್ದೆ, ಮುನ್ನೂರು ರೂಪಾಯಿ ಚಿಲ್ರೆ ಹೋಯ್ತು, ಅಂಚಿಂದ ನೀರು ಹತ್ತಿ ಒಳಗೇ ಕಪ್ಪು ಚುಕ್ಕೆ ಬಂತು, ಅದ್ರ ಮೇಲೆ ಪೆನ್ನೂ ಹಿಡಿಯಲ್ಲ. 2025ರದ್ದನ್ನ ನಾನೇ ತರಿಸ್ದೆ, ಕ್ಯಾಲೆಂಡರಿಗೆ ಒಂದೂಕಾಲು ಸಾವಿರ, ಕೊರಿಯರ್ರಿಗೆ ಅದಕ್ಕಿಂತ ಜಾಸ್ತಿ. ಯಜಮಾನ್ರು ಬಿಲ್ ನೋಡಿ ಎರಡು ದಿನ ಮಾತಾಡ್ಲಿಲ್ಲ.

ಈ ಸಲ ಅಡುಗೆಮನೇಲಿ, ಸೌದೆ ಒಲೆಯಿಂದ ನಾಲ್ಕಡಿ ಆಚೆ, ಗೋಡೆಗೆ ತಾಗದ ಹಾಗೆ ಎರಡು ರೀಪರ್ ಪಟ್ಟಿ ಹೊಡೆದು ನೇತುಹಾಕ್ದೆ. ಹಿಂದ್ಗಡೆಗೆ ಒಂದು ಸವರಿದೀನಿ, ಏನು ಅಂತ ಕೇಳ್ಬೇಡಿ. ಮಳೆಗಾಲ ಕಳೆದ್ರೂ ಒಂದು ಚುಕ್ಕೆ ಬೂಷ್ಟಿಲ್ಲ.

ಬರೆಯೋ ಕ್ರಮ ಇಷ್ಟೇ, ಬೆಳಗ್ಗೆ ಮಳೆ ಗೇಜ್ ನೋಡಿ ಹಸಿರು ಪೆನ್ನಲ್ಲಿ ಮಳೆ, ಇಂಚು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲೇ, ಸಂಜೆ ಕೆಂಪಲ್ಲಿ ಕೆಲಸ ಮತ್ತು ಆಳಿನ ಸಂಖ್ಯೆ. ಚಾ ಕಾಸೋಕೆ ಅಲ್ಲಿಗೆ ಹೋಗಲೇಬೇಕು, ಚಿತ್ರ ಚೆನ್ನಾಗಿದೆ ಅಂತ ಕಣ್ಣೂ ಹೋಗತ್ತೆ, ಮರೆಯೋಕಾಗಲ್ಲ. ಬ್ಯಾಂಕಿನೋರು ಪುಕ್ಕಟೆ ಕೊಡೋ ಕ್ಯಾಲೆಂಡರಲ್ಲಿ ಯಾಕಾಗಲ್ಲ ಅಂತ ಕೇಳ್ತಾರೆ. ಮಾಡಿ ನೋಡಿ, ಫೆಬ್ರವರಿಗೆ ಬಿಡ್ತೀರ.

ಚಂದ್ರನ ವಿಷ್ಯದಲ್ಲಿ ಮಾತ್ರ ದುಡ್ಡು ಕಳ್ಕೊಂಡೆ. ಅದರಲ್ಲಿರೋದು ಅಮೆರಿಕದ ಪೂರ್ವ ತೀರದ ಟೈಮು. ನಮ್ಮದು ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದೆ, ಅವರು ಮಾರ್ಚಲ್ಲಿ ಗಡಿಯಾರ ತಿರುಗಿಸಿದ್ಮೇಲೆ ಒಂಬತ್ತೂವರೆ, ನವೆಂಬರಲ್ಲಿ ಮತ್ತೆ ಹತ್ತೂವರೆ. ಇದು ತಲೆಗೆ ಹೋಗಿರ್ಲಿಲ್ಲ. ಮಾರ್ಚ್ 13-14ರ ರಾತ್ರಿ ಪೂರ್ಣ ಚಂದ್ರಗ್ರಹಣ ಅಂತ ಇತ್ತು, ನಾನು ಬುದ್ಧಿವಂತೆ, ಗ್ರಹಣದ ರಾತ್ರಿ ಕ್ಯಾಂಪ್‌ಫೈರ್ ಊಟ ಅಂತ ಬೆಂಗಳೂರಿನ ಒಂದು ಗುಂಪಿಗೆ ಬುಕಿಂಗ್ ತಗೊಂಡೆ. ಪಂಚಾಂಗದಲ್ಲಿ ಇಲ್ವಲ್ಲ ಅಂತ ಅತ್ತೆ ಅಂದಿದ್ರು, ಕೇಳ್ಲಿಲ್ಲ. ಆಮೇಲೆ ನೋಡಿದ್ರೆ ಆ ಗ್ರಹಣ ನಡೆಯೋ ಹೊತ್ತಿಗೆ ನಮಗೆ 14ರ ಮಟಮಟ ಮಧ್ಯಾಹ್ನ! ಗುಂಪಲ್ಲಿದ್ದ ಒಬ್ಬ ಇಂಜಿನಿಯರ್ ಹುಡುಗ ಪಂದಿಕರಿ ತಿಂತಾ ತಿಂತಾ ಮೊಬೈಲಲ್ಲಿ ಹುಡುಕಿ ಹೇಳ್ದ. ಆರೇಳು ಸಾವಿರ ವಾಪಸ್ ಕೊಟ್ಟೆ. ನಮಗೆ ಕಾಣೋ ಗ್ರಹಣ ಇದ್ದಿದ್ದು ಸೆಪ್ಟೆಂಬರ್ 7ಕ್ಕೆ, ಆವತ್ತು ಬುಕಿಂಗ್ ತಗೊಳ್ಳೋ ಧೈರ್ಯ ಬರ್ಲಿಲ್ಲ, ಮೋಡದ ಸಂದೀಲಿ ಹತ್ತು ನಿಮಿಷ ಕೆಂಪು ಚಂದ್ರ ಕಂಡ, ಅತ್ತೆ ಹೊರಗೆ ಬರ್ಲೇ ಇಲ್ಲ.

ಅಲ್ಲಿಂದ ಎಲ್ಲ ಟೈಮೂ ಪೆನ್ಸಿಲಲ್ಲಿ ತಿದ್ದಿ ಬರ್ಕೊಂಡೆ. ಜೂನ್‌ದು ನೋಡಿ, ಲಿಥಾ ಅಂತ ಅವರ ಅತಿ ದೊಡ್ಡ ಹಗಲಿನ ಹಬ್ಬ, ಕ್ಯಾಲೆಂಡರಲ್ಲಿ 20ರ ರಾತ್ರಿ, ನಮಗೆ 21ರ ಬೆಳಗ್ಗೆ ಎಂಟೂ ಕಾಲು. ಚಿತ್ರದಲ್ಲಿ ಸೂರ್ಯಕಾಂತಿ ಹೊಲ. ಇಲ್ಲಿ ಆ ವಾರ ಸೂರ್ಯನ ಮುಖ ಕಂಡೋರ್ಯಾರು!

ಅವರ ಹಬ್ಬಗಳು ನಮ್ಮ ತೋಟಕ್ಕೆ ಕೂರಲ್ಲ ಅನ್ಕೊಂಡಿದ್ದೆ, ಕೆಲವು ಕೂತ್ವು. ಅಕ್ಟೋಬರ್ 31ರ ಸಾವಿನ್ (Samhain) ಅನ್ನೋ ಹಬ್ಬ ಸತ್ತೋರನ್ನ ನೆನೆಯೋ ದಿನ ಅಂದಾಗ ಅತ್ತೆ ಮೊದಲ ಸಲ "ಓ, ನಮ್ಮ ಕಾರೋಣರಿಗೆ ಕೊಡೋ ಹಾಗೆ" ಅಂದ್ರು, ಅಂದ್ರೆ ಮನೆತನದ ಹಿರಿಯರಿಗೆ. ಆಗಸ್ಟ್ 1 ಅವರಿಗೆ ಮೊದಲ ಕೊಯ್ಲು, ರೊಟ್ಟಿ ಹಬ್ಬ, ನಮಗೆ ಎರಡು ದಿನ ಬಿಟ್ಟು ಕಕ್ಕಡ 18, ಕೊಡಗಲ್ಲಿ ಮದ್ದು ಸೊಪ್ಪು ತಿನ್ನೋ ದಿನ. ಮದ್ದು ಸೊಪ್ಪು ಬೇಯಿಸಿದ ಕೈಯಲ್ಲೇ ಮಳೆ ಬರೆಯೋಕೆ ಹೋಗಿ ಆ ರೊಟ್ಟಿ ಚಿತ್ರದ ಮೇಲೆ ನೇರಳೆ ಬೆರಳಚ್ಚು ಬಿದ್ದಿದೆ, ಇನ್ನೂ ಹೋಗಿಲ್ಲ.

ಲಾಭ ಬಂದಿದ್ದು ಹೂಮಳೆ ಬಿದ್ದ ದಿನದಿಂದ ಕ್ಯಾಲೆಂಡರಿನ ಮನೆ ಎಣಿಸೋದ್ರಿಂದ, ಒಂದು ಮನೆ ಒಂದು ದಿನ. ಮಾರ್ಚಲ್ಲಿ ಹೂಮಳೆ ಒಂದು ಇಂಚು ಹತ್ತು ಸೆಂಟ್ಸೋ ಏನೋ ಬಂತು, ಎಂಟನೇ ಮನೆಗೆ ರೊಬಸ್ಟಾ ಹೂ ಬಿಡ್ತು. ಹದಿನೈದನೇ ಮನೆಗೆ ಪೆನ್ಸಿಲಲ್ಲಿ ಸುತ್ತು ಹಾಕಿಟ್ಟೆ, ಅಷ್ಟರೊಳಗೆ ಬ್ಯಾಕಿಂಗ್ ಮಳೆ, ಅಂದ್ರೆ ಹೂ ಆದ್ಮೇಲೆ ಮಿಡಿ ನಿಲ್ಲೋಕೆ ಬೇಕಾದ ಎರಡನೇ ಮಳೆ, ಬರದೇ ಇದ್ರೆ ಕಾಯೋದಿಲ್ಲ, ಸ್ಪ್ರಿಂಕ್ಲರ್ ಅಂತ. ಬರ್ಲಿಲ್ಲ, ಹದಿನಾರಕ್ಕೆ ಶುರು ಮಾಡಿದ್ವಿ. ಹಿಂದಿನ ವರ್ಷ ಇವತ್ತು ಬರತ್ತೆ ನಾಳೆ ಬರತ್ತೆ ಅಂತ ಇಪ್ಪತ್ತೈದು ದಿನ ಕಾದು ಮಿಡಿ ಉದುರಿಸ್ಕೊಂಡಿದ್ವಿ. ಡೀಸೆಲ್ಲಿಗೆ ಹದಿನೆಂಟು ಸಾವಿರ ಆಗಿರ್ಬಹುದು, ಅದೇ ಬ್ಲಾಕಲ್ಲಿ ಚೆರ್ರಿ ಸುಮಾರು ಹನ್ನೆರಡು ಚೀಲ ಜಾಸ್ತಿ ಬಂತು. ಚಂದ್ರನ ಮಹಿಮೆನಾ ಅಂತ ರೈಟರ್ ನಕ್ಕ. ಅಲ್ಲಪ್ಪ, ಎಣಿಕೆ.

ಮೆಣಸಿನ ಬಳ್ಳಿ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ವಿಷ್ಯ ಮಾತ್ರ ಎಡವಟ್ಟಾಯ್ತು. ಜೂನ್ ಮೊದಲ ವಾರ ಅಂತ ಗುರುತು ಹಾಕಿದ್ದೆ, ಮಳೆಗಾಲ ಮೇ ಕೊನೆ ವಾರಕ್ಕೇ ಬಂದು ಕೂತ್ಬಿಡ್ತು, ಅರ್ಧ ಮೆಣಸಿನ ಬಳ್ಳಿಗೆ ಹೊಡೆಯೋಕೇ ಆಗ್ಲಿಲ್ಲ. ಇಪ್ಪತ್ತೋ ಇಪ್ಪತ್ತೆರಡೋ ಬಳ್ಳಿ ಹೋಯ್ತು.

ಸುಮ್ನೆ ಒಂದೆರಡು ಪರೀಕ್ಷೆ. ಏಣಿಗೆ ಬಿದಿರನ್ನ ಅಮಾವಾಸ್ಯೆ ಹತ್ರ ಆರು, ಹುಣ್ಣಿಮೆ ಹತ್ರ ಆರು ಕಡಿಸಿ ಶೆಡ್ಡಲ್ಲಿಟ್ಟೆ. ಹುಣ್ಣಿಮೇದ್ರಲ್ಲಿ ನಾಲ್ಕಕ್ಕೆ ಹುಳ, ಅಮಾವಾಸ್ಯೇದ್ರಲ್ಲಿ ಒಂದಕ್ಕೆ. ಹಿರಿಯರು ಹೇಳ್ತಿದ್ದದ್ದೇ, ಆದ್ರೆ ಹನ್ನೆರಡು ಬಿದಿರಲ್ಲಿ ಏನು ಹೇಳೋಕಾಗತ್ತೆ. ಪ್ಯಾಷನ್ ಫ್ರೂಟ್ ವೈನೂ ಹಾಗೇ ಎರಡು ಭರಣಿ ಹಾಕಿದ್ದೆ. ಅಮಾವಾಸ್ಯೇದು ವಿನೆಗರ್ ಆಯ್ತು, ಚಂದ್ರನ ತಪ್ಪಲ್ಲ, ಮುಚ್ಚಳ ಸಡಿಲ ಇತ್ತು. ಹುಣ್ಣಿಮೇದನ್ನ ಪುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಬಂದ ನೆಂಟ್ರು ಒಂದೇ ರಾತ್ರೀಲಿ ಮುಗಿಸಿದ್ರು.

2026ರದ್ದು ನಾದಿನಿ ಮಗಳು ಅಮೆರಿಕದಿಂದ ಬರೋವಾಗ ಸೂಟ್‌ಕೇಸಲ್ಲಿ ತಂದ್ಲು, ಕೊರಿಯರ್ ದುಡ್ಡು ಉಳೀತು. ಮೇ ಪುಟ ತೆಗೆದು ನೋಡಿ ಅತ್ತೆ "ಈ ಸಲ ಕೊಂಬಿಲ್ವಾ" ಅಂದ್ರು. ಪಕ್ಕದ ತೋಟದ ಮಾವನೂ ಒಂದು ತರಿಸಿಕೊಡು ಅಂತಿದಾರೆ. ಹಿಂದ್ಗಡೆ ಏನು ಸವರಿದೆ ಅಂತ ಅವರಿಗೂ ಹೇಳಿಲ್ಲ.